ಜಾಥಾ ಮುಂದೆ ಹೋಯ್ತು, ಕಾನೂನು ಅಂಗಡಿ ಬಾಗಿಲಲ್ಲೇ ಉಳೀತು: ಜಾಗೃತಿ ದಿನಗಳ ಬಗ್ಗೆ ವ್ಯಾಪಾರಿಗಳಿಗೆ ಗೊತ್ತಿರಬೇಕಾದ್ದು

ಜನವರಿ ಬಂತೆಂದರೆ ಬಸ್ ನಿಲ್ದಾಣದ ಸರ್ಕಲ್‌ನಲ್ಲಿ ಹೆಲ್ಮೆಟ್ ಜಾಥಾ. ಏಪ್ರಿಲ್‌ನಲ್ಲಿ ಅಗ್ನಿಶಾಮಕ ದಳದ ಪ್ರಾತ್ಯಕ್ಷಿಕೆ. ಮೇ ಕೊನೆಗೆ ತಂಬಾಕು ವಿರೋಧಿ ದಿನ, ಜೂನ್‌ನಲ್ಲಿ ಬಾಲಕಾರ್ಮಿಕ ವಿರೋಧಿ ದಿನ, ಡಿಸೆಂಬರ್‌ನಲ್ಲಿ ಗ್ರಾಹಕರ ದಿನ. ಶಾಲಾ ಮಕ್ಕಳು ಫಲಕ ಹಿಡಿದು ಘೋಷಣೆ ಕೂಗುತ್ತಾ ಮೇನ್ ರೋಡ್‌ನಲ್ಲಿ ಸಾಗುತ್ತಾರೆ. ಅಧಿಕಾರಿಗಳು ಹಸಿರು ನಿಶಾನೆ ತೋರಿಸುತ್ತಾರೆ. ಅಂಗಡಿ ಕಟ್ಟೆ ಮೇಲೆ ನಿಂತವರು ಐದು ನಿಮಿಷ ನೋಡಿ ಮತ್ತೆ ಗಲ್ಲಾಪೆಟ್ಟಿಗೆ ಕಡೆ ತಿರುಗುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಅಲ್ಲಿಗೆ ಮುಗೀತು ಅಂತಲೇ ಬಹಳ ಜನರ ಲೆಕ್ಕ.

ಲೆಕ್ಕ ತಪ್ಪುವುದು ಇಲ್ಲೇ. ಈ ಬಹುತೇಕ ಬ್ಯಾನರ್‌ಗಳ ಹಿಂದೆ ಒಂದು ಕಾನೂನು ಇದೆ, ಅದರಲ್ಲಿ ದಂಡ ಕಟ್ಟಬೇಕಾದವರ ಸಾಲಿನಲ್ಲಿ ವ್ಯಾಪಾರಿಯೂ ಇದ್ದಾನೆ. ಜಾಥಾದಲ್ಲಿ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಘೋಷಣೆಯಲ್ಲಿ ಅಷ್ಟೆಲ್ಲ ಹಿಡಿಸುವುದೂ ಇಲ್ಲ ಬಿಡಿ.

ಮೊದಲು ಬೆಂಕಿ ವಿಚಾರ. ಅಗ್ನಿಶಾಮಕ ಸೇವಾ ಸಪ್ತಾಹ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ನಡೆಯುತ್ತದೆ. 14ರಂದೇ ಅಂಬೇಡ್ಕರ್ ಜಯಂತಿ ಇರುವುದರಿಂದ ಊರಿನ ಗಮನವೆಲ್ಲ ಆ ಕಡೆ ಇರುತ್ತದೆ, ಸಪ್ತಾಹ ಶುರುವಾದದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಆ ದಿನವೇ ಯಾಕೆ ಅಂದರೆ, 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ ಇತ್ತು. ಅದರ ಜೊತೆಗೇ ಹತ್ತಿಯ ಮೂಟೆಗಳನ್ನೂ ತುಂಬಿದ್ದರು. ಬೆಂಕಿ ಆರಿಸಲು ಹೋದವರು ಹಡಗಿನ ಬಳಿ ಇದ್ದಾಗಲೇ ಸಂಜೆ ನಾಲ್ಕು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಸತ್ತ ಜನಸಾಮಾನ್ಯರು ನೂರಾರು. ಸಪ್ತಾಹ ನಡೆಯುವುದು ಆ ಸಿಬ್ಬಂದಿಯ ನೆನಪಿಗೆ.

ಹಳೇ ಹಡಗಿನ ಕಥೆ ತಾಲ್ಲೂಕಿನ ಅಂಗಡಿಗೆ ಏಕೆ ಅನ್ನಬಹುದು. ಹತ್ತಿ ಮೂಟೆಯನ್ನೂ ಮದ್ದನ್ನೂ ಒಂದೇ ಕಡೆ ಪೇರಿಸಿದ್ದೇ ಅಲ್ಲಿಯ ತಪ್ಪು. ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಥಿನ್ನರ್ ಡಬ್ಬಿ, ಪೇಂಟು, ಪಕ್ಕದಲ್ಲೇ ಗೋಣಿಚೀಲ, ರಟ್ಟಿನ ಡಬ್ಬಗಳ ರಾಶಿ, ತಲೆ ಮೇಲೆ ಸುತ್ತಿ ಸುತ್ತಿ ಬಿಟ್ಟ ಹಳೇ ವೈರು ಇದ್ದರೆ ಲೆಕ್ಕ ಅದೇ, ಪ್ರಮಾಣ ಮಾತ್ರ ಸಣ್ಣದು. ಹಬ್ಬದ ಸೀಸನ್ ಪಟಾಕಿಯಂತೂ ಕೇಳುವುದೇ ಬೇಡ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂಕಿ ಹತ್ತಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಬ್ಬದ ಮಟ್ಟಿಗೆ ಕೆಲಸಕ್ಕೆ ಬಂದಿದ್ದ ಹುಡುಗರೂ ಇದ್ದರು.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿ ಒಡೆದು ಕೆಳಗೆ ಹಾರಿದವರೂ ಅವರಲ್ಲಿದ್ದರು. ತಾಲ್ಲೂಕು ಕೇಂದ್ರದ ಕಾಂಪ್ಲೆಕ್ಸ್‌ಗಳಲ್ಲಿ ಮಹಡಿ ಮೆಟ್ಟಿಲೇ ಗೋಡೌನ್ ಆಗಿರುವುದನ್ನು ದಿನಾ ನೋಡಬಹುದು. ಹಿಂಬಾಗಿಲಿಗೆ ಬೀಗ, ಬೀಗದ ಕೈ ಮಾಲೀಕರ ಮನೆಯಲ್ಲಿ. ಬೆಂಕಿ ಬಿದ್ದ ದಿನ ಆ ಬಾಗಿಲು ಇದ್ದೂ ಇಲ್ಲದ ಹಾಗೆ.

ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರ್ ಬಗ್ಗೆ ಒಂದು ಮಾತು. ಒತ್ತಡ ತೋರಿಸುವ ಗೇಜ್ ಇದ್ದರೆ ಅದರ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಕೆಂಪಿಗೆ ಇಳಿದಿದ್ದರೆ ಅದು ಬರೀ ಅಲಂಕಾರ. ಕರೆಂಟಿನ ಬೆಂಕಿಗೆ ನೀರು ಎರಚಬಾರದು, ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಹೋಟೆಲ್ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೂ ನೀರು ಬೇಡ, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಫೋನ್ ಮಾಡಲು 101 ಅಥವಾ 112.

ಇನ್ನು ಜನವರಿಯ ರಸ್ತೆ ಸುರಕ್ಷತೆ. ಮೊದಲು ವಾರವಾಗಿದ್ದ ಆಚರಣೆ 2021ರಲ್ಲಿ ತಿಂಗಳಾಯಿತು. ಹೆಲ್ಮೆಟ್ ಮಾತು ಎಲ್ಲರಿಗೂ ಬಾಯಿಪಾಠ, ಅದನ್ನು ಬಿಡೋಣ. ಅಂಗಡಿಯವರಿಗೆ ಬಿಸಿ ತಟ್ಟುವುದು ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್. 'ಲೇ, ಗಾಡಿ ತಗೊಂಡು ಆ ಪಾರ್ಸಲ್ ಕೊಟ್ಟು ಬಾ' ಅಂತ ಹದಿನಾರರ ಹುಡುಗನ ಕೈಗೆ ಕೀ ಕೊಟ್ಟು ಕಳಿಸಿದರೆ, ಆತ ಮಾಡುವ ಅಪರಾಧಕ್ಕೆ ಪೋಷಕರು ಅಥವಾ ಗಾಡಿ ಮಾಲೀಕರೇ ಹೊಣೆ. 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ ಕೂಡ ಸಿಗುವುದಿಲ್ಲ. ಪಕ್ಕದ ಬೀದಿ ತಾನೇ ಅನ್ನುವ ವಿನಾಯಿತಿ ಕಾಯ್ದೆಯಲ್ಲಿ ಇಲ್ಲ.

ಹೆದ್ದಾರಿ ಬದಿಯ ಟೀ ಅಂಗಡಿ, ಪಂಕ್ಚರ್ ಶಾಪ್‌ನವರಿಗೆ ಇನ್ನೊಂದು ವಿಷಯ ತಿಳಿದಿರಲೇಬೇಕು, ಅಪಘಾತವಾದ ಕಡೆಗೆ ಮೊದಲು ಓಡುವವರು ಅವರೇ. 'ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟು ಅಂತ ನಮ್ಮನ್ನೇ ಅಲೆಸ್ತಾರೆ' ಅನ್ನುವ ಭಯ ಹಳೆಯದು. 2016ರಲ್ಲಿ ಸುಪ್ರೀಂ ಕೋರ್ಟ್ ನೆರವು ನೀಡುವವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕೆಂದೇ ತನ್ನದೇ ಕಾಯ್ದೆ ಮಾಡಿದ ಮೊದಲ ರಾಜ್ಯ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಸೆಕ್ಷನ್ ಸೇರಿತು. ಗಾಯಾಳುವನ್ನು ಸೇರಿಸಿದವರು ಹೆಸರು, ವಿಳಾಸ ಕೊಡಲೇಬೇಕೆಂದು ಬಲವಂತ ಮಾಡುವಂತಿಲ್ಲ. ಆಸ್ಪತ್ರೆ ಅವರ ಹತ್ತಿರ ದುಡ್ಡು ಕೇಳುವಂತಿಲ್ಲ. ಸಾಕ್ಷಿ ಹೇಳುವುದು ಅವರ ಇಷ್ಟ. ಅಪಘಾತವಾದ ಮೊದಲ ಒಂದು ಗಂಟೆಯಲ್ಲಿ ಗಂಭೀರ ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರಿಗೆ ಕೇಂದ್ರದ ರಾಹ್-ವೀರ್ ಯೋಜನೆಯಲ್ಲಿ 25 ಸಾವಿರ ರೂಪಾಯಿ ಬಹುಮಾನವೂ ಇದೆ. ಗಾಯಾಳುವಿಗೆ 7 ದಿನದವರೆಗೆ ಒಂದೂವರೆ ಲಕ್ಷದ ತನಕ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಲಾಗಿದೆ.

ಜೂನ್ 12ರ ಬಾಲಕಾರ್ಮಿಕ ವಿರೋಧಿ ದಿನವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2002ರಲ್ಲಿ ಶುರು ಮಾಡಿತು. ನಮ್ಮಲ್ಲಿ 2016ರ ತಿದ್ದುಪಡಿ ಬಂದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ, ಸ್ಫೋಟಕ ಮತ್ತು ಬೇಗ ಹೊತ್ತಿಕೊಳ್ಳುವ ವಸ್ತುಗಳು ಆ ಪಟ್ಟಿಯಲ್ಲಿವೆ. ಪಟಾಕಿ ಮಳಿಗೆಗೆ ಪಿಯುಸಿ ಹುಡುಗರನ್ನು ಕರೆತರುವವರು ಇದನ್ನು ಗಮನಿಸಬೇಕು. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರದವರೆಗೆ ದಂಡ, ಇಲ್ಲವೇ ಎರಡೂ.

'ಪಾಪ, ಅಪ್ಪ ಇಲ್ಲದ ಹುಡುಗ, ಕನಿಕರಕ್ಕೆ ಇಟ್ಕೊಂಡಿದೀನಿ' ಅನ್ನುವ ಮಾತು ಎಲ್ಲ ಪೇಟೆಯಲ್ಲೂ ಕೇಳುತ್ತದೆ. ಕೆಲವರ ಕನಿಕರ ನಿಜವಾದದ್ದೇ ಇರಬಹುದು. ಆದರೆ ಬೆಳಿಗ್ಗೆ ಆರಕ್ಕೆ ಲೋಟ ತೊಳೆಯಲು ನಿಂತ ಮಗು ಹತ್ತಕ್ಕೆ ಶಾಲೆಯಲ್ಲಿ ಇರುವುದಿಲ್ಲ. ಕನಿಕರ ಇದ್ದವರು ನೋಟ್‌ಬುಕ್ಕಿಗೆ, ಹಾಸ್ಟೆಲ್ ಅರ್ಜಿಗೆ ನೆರವಾಗಬಹುದು, ಇಲ್ಲವೇ 1098ಕ್ಕೆ ಫೋನ್ ಮಾಡಬಹುದು. ಮನೆ ಮಕ್ಕಳು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ತಮ್ಮದೇ ಕುಟುಂಬದ ಅಂಗಡಿಯಲ್ಲಿ ಕೈಜೋಡಿಸುವುದಕ್ಕೆ ಕಾಯ್ದೆಯ ಅಡ್ಡಿ ಇಲ್ಲ. ಕೆಲಸ ಅಪಾಯದ್ದಾಗಿರಬಾರದು, ಓದಿಗೆ ತೊಂದರೆ ಆಗಬಾರದು, ಅಷ್ಟೇ.

ಮೇ 31ರ ತಂಬಾಕು ವಿರೋಧಿ ದಿನ ಬೀಡಾ ಅಂಗಡಿ, ಗೂಡಂಗಡಿಯವರಿಗೆ ನೇರ ಸಂಬಂಧಪಟ್ಟದ್ದು. ರಾಜ್ಯದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದ ಮೇಲೆ ನಿಯಮ ಬಿಗಿಯಾಗಿದೆ. ಮೊದಲು 18 ಇದ್ದ ವಯಸ್ಸಿನ ಮಿತಿ ಈಗ 21. ಶಾಲಾ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ಪ್ಯಾಕೆಟ್ ಒಡೆದು ಬಿಡಿ ಸಿಗರೇಟು ಮಾರುವುದಕ್ಕೂ ನಿಷೇಧ ಇದೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000ಕ್ಕೆ ಏರಿದೆ. ಗೂಡಂಗಡಿಯ ವ್ಯಾಪಾರ ನಡೆಯುವುದೇ ಬಿಡಿ ಸಿಗರೇಟಿನ ಮೇಲೆ ಅನ್ನುವುದು ಸುಳ್ಳಲ್ಲ. ಹಾಗಾಗಿ ಈ ನಿಯಮವನ್ನು ಅವರಿಗೆ ಕರಪತ್ರದಲ್ಲಾದರೂ ಮುಟ್ಟಿಸಿ ಆಮೇಲೆ ದಂಡ ಹಾಕುವುದು ನ್ಯಾಯ.

ಅಕ್ಷಯ ತೃತೀಯ ಹತ್ತಿರವಾದಂತೆ ಬಾಲ್ಯವಿವಾಹ ತಡೆಯ ಸಭೆಗಳು ನಡೆಯುತ್ತವೆ. ಮದುವೆ ಮಾಡಿಸಿದವರಿಗೆ, ನೆರವಾದವರಿಗೆ 2006ರ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಕಲ್ಯಾಣ ಮಂಟಪದವರು, ಲಗ್ನಪತ್ರಿಕೆ ಅಚ್ಚು ಹಾಕುವವರು, ಅಡುಗೆಯವರು ವಧೂವರರ ವಯಸ್ಸಿನ ದಾಖಲೆಯ ಒಂದು ಪ್ರತಿ ತೆಗೆದಿಟ್ಟುಕೊಂಡರೆ ತಲೆನೋವು ತಪ್ಪುತ್ತದೆ.

ಜೂನ್ 5ರ ಪರಿಸರ ದಿನಕ್ಕೆ ಹೆಚ್ಚು ಹೇಳುವುದೇನಿಲ್ಲ. ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್, ಫ್ಲೆಕ್ಸ್ ನಿಷೇಧವಾದದ್ದು 2016ರಲ್ಲಿ. ಪರಿಸರ ದಿನದ ಬ್ಯಾನರೇ ಫ್ಲೆಕ್ಸ್‌ನಲ್ಲಿ ಮಾಡಿಸಿದರೆ ಕವರ್ ಕೊಡುವ ತರಕಾರಿಯಮ್ಮನಿಗೆ ದಂಡ ಹಾಕಲು ಯಾವ ಮುಖ ಇರುತ್ತದೆ?

ಡಿಸೆಂಬರ್ 24 ಗ್ರಾಹಕರ ದಿನ, 1986ರಲ್ಲಿ ಗ್ರಾಹಕ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದ ದಿನ. ತಕ್ಕಡಿಗೆ ಮುದ್ರೆ ಹಾಕಿಸುವುದು, ಎಂಆರ್‌ಪಿಗಿಂತ ಹೆಚ್ಚಿಗೆ ಕೇಳದಿರುವುದು ಎಲ್ಲರಿಗೂ ಗೊತ್ತಿರುವುದೇ. ಆದರೆ ವ್ಯಾಪಾರಿಯೂ ಮೋಸ ಹೋಗುತ್ತಾನೆ. ಪೇಮೆಂಟ್ ಆಗಿದೆ ಅಂತ ಸ್ಕ್ರೀನ್ ತೋರಿಸಿ ಸಾಮಾನು ಒಯ್ಯುವವರು ಇದ್ದಾರೆ, ದುಡ್ಡು ತನ್ನ ಖಾತೆಗೆ ಬಿತ್ತೇ ಎಂದು ತನ್ನ ಫೋನಿನಲ್ಲೇ ನೋಡಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿದಷ್ಟೂ ಆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವ್ಯಾಪಾರಿಗಳು ಹೆಚ್ಚು ಬಳಸಿಕೊಳ್ಳಬಹುದಾದ ದಿನ ಇನ್ನೊಂದಿದೆ, ನವೆಂಬರ್ 9ರ ಕಾನೂನು ಸೇವೆಗಳ ದಿನ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಜಾರಿಗೆ ಬಂದದ್ದು 1995ರ ಆ ದಿನ. ತಾಲ್ಲೂಕು ಕಾನೂನು ಸೇವಾ ಸಮಿತಿ ಇದೇ ಕಾಯ್ದೆಯ ಕೂಸು. ಉದ್ರಿ ಬಾಕಿಗೆ ಕೊಟ್ಟ ಚೆಕ್ ಬೌನ್ಸ್ ಆಗಿ ವರ್ಷಗಟ್ಟಲೆ ಅಲೆಯುತ್ತಿರುವವರು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ತೀರ್ಮಾನಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲಿಲ್ಲ. ಕೋರ್ಟ್‌ನಲ್ಲಿದ್ದ ಕೇಸು ಅಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ. ಮುಂದಿನ ಅದಾಲತ್ ಯಾವಾಗ ಎಂದು ಕೋರ್ಟ್ ಆವರಣದಲ್ಲಿರುವ ಸಮಿತಿಯ ಕಚೇರಿಯಲ್ಲಿ ಕೇಳಬಹುದು. ಸಹಾಯವಾಣಿ ಸಂಖ್ಯೆ 15100.