ಗೇಮಿಂಗ್ ಕಂಪ್ಯೂಟರ್ ವ್ಯಾಪಾರ: ಓವರ್‌ಕ್ಲಾಕಿಂಗ್‌ನ ಆಕರ್ಷಣೆ, ಮಾನಿಟರ್ ಆಯ್ಕೆಯ ವಿವೇಕ

ಬಟ್ಟೆ ಗಿರಣಿಗಳ ಕಾಲದಿಂದಲೂ ದಾವಣಗೆರೆಯು ವ್ಯಾಪಾರದ ಊರೆಂದೇ ಹೆಸರಾಗಿದೆ. ಹತ್ತಿ, ಜವಳಿ, ಅಕ್ಕಿ, ಮೆಕ್ಕೆಜೋಳ ಮತ್ತು ಮಂಡಕ್ಕಿಯ ವಹಿವಾಟಿನ ಜೊತೆಗೆ ಶಿಕ್ಷಣವೂ ಈ ನಗರದ ಆರ್ಥಿಕತೆಗೆ ಆಧಾರವಾಗಿದೆ. 1951ರಲ್ಲಿ ಸ್ಥಾಪನೆಗೊಂಡ ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1979ರಲ್ಲಿ ಆರಂಭವಾದ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಮೊದಲಾದ ಸಂಸ್ಥೆಗಳ ವಿದ್ಯಾರ್ಥಿಗಳು ಇಲ್ಲಿನ ಕಂಪ್ಯೂಟರ್ ವರ್ತಕರ ಸಹಜ ಗ್ರಾಹಕರು. ಹಗಲು ವಿನ್ಯಾಸದ ತಂತ್ರಾಂಶ, ರಾತ್ರಿ ಆಟ, ಎರಡಕ್ಕೂ ಒಂದೇ ಯಂತ್ರವನ್ನು ಬಯಸುವ ಈ ಯುವಕರಿಂದಾಗಿ ಬಿಡಿಭಾಗಗಳನ್ನು ಜೋಡಿಸಿ ಕೊಡುವ ಗೇಮಿಂಗ್ ಕಂಪ್ಯೂಟರ್ ಒಂದು ಪ್ರತ್ಯೇಕ ವ್ಯಾಪಾರವಾಗಿ ಬೆಳೆದಿದೆ.

ಇಂತಹ ಗ್ರಾಹಕರು ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಯಂತ್ರವನ್ನು ಓವರ್‌ಕ್ಲಾಕ್ ಮಾಡಿಕೊಡಲು ಸಾಧ್ಯವೇ ಎಂಬುದು ಮೊದಲನೆಯದು. ಉಳಿದ ಹಣಕ್ಕೆ ಯಾವ ಮಾನಿಟರ್ ಬರುತ್ತದೆ ಎಂಬುದು ಎರಡನೆಯದು. ಈ ಅನುಕ್ರಮವೇ ತಲೆಕೆಳಗಾದದ್ದು ಎಂಬುದನ್ನು ವರ್ತಕ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ಅಂತರಜಾಲದ ಮಳಿಗೆಗಳು ಮತ್ತು ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನ ಎಸ್.ಪಿ. ರಸ್ತೆಯ ಸಗಟು ಅಂಗಡಿಗಳೊಡನೆ ದರದಲ್ಲಿ ಪೈಪೋಟಿ ನಡೆಸುವುದು ಸ್ಥಳೀಯ ವರ್ತಕರಿಗೆ ಕಷ್ಟಸಾಧ್ಯ. ಅವರು ನೀಡಬಹುದಾದ ವಿಶೇಷ ಸರಕೆಂದರೆ ಸರಿಯಾದ ಸಲಹೆ ಮತ್ತು ಮಾರಾಟಾನಂತರದ ಹೊಣೆಗಾರಿಕೆ.

ಓವರ್‌ಕ್ಲಾಕಿಂಗ್: ಅಂದು ಮತ್ತು ಇಂದು

ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಅಥವಾ ಮೆಮೊರಿಯನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಈ ಪದ್ಧತಿಗೆ ಕೀರ್ತಿ ತಂದದ್ದು 1998ರಲ್ಲಿ ಬಿಡುಗಡೆಯಾದ ಇಂಟೆಲ್ ಸೆಲೆರಾನ್ 300ಎ. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಆ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಹೆಚ್ಚುವರಿ ಖರ್ಚಿಲ್ಲದೆ ಶೇ. 50ರಷ್ಟು ವೇಗ ದೊರೆತ ಆ ಕಾಲದಲ್ಲಿ ಅದು ನಿಜಕ್ಕೂ ಲಾಭದ ವಿದ್ಯೆಯಾಗಿತ್ತು.

ಇಂದಿನ ಪರಿಸ್ಥಿತಿ ಬೇರೆ. ಈಗಿನ ಪ್ರೊಸೆಸರ್‌ಗಳು ಉಷ್ಣತೆ ಮತ್ತು ವಿದ್ಯುತ್ತಿನ ಮಿತಿಗೆ ಒಳಪಟ್ಟು ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. ಉದಾಹರಣೆಗೆ, ಎಎಂಡಿ ರೈಜನ್ 5 7600ರ ಮೂಲ ವೇಗ 3.8 ಗಿಗಾಹರ್ಟ್ಸ್, ಅವಕಾಶವಿದ್ದಾಗ ಅದು ತಾನಾಗಿ 5.1 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಹಿಂದೆ ಗ್ರಾಹಕನಿಗೆ ಉಳಿಯುತ್ತಿದ್ದ ಹೆಚ್ಚುವರಿ ಸಾಮರ್ಥ್ಯದ ಬಹುಪಾಲನ್ನು ಈಗ ಕಾರ್ಖಾನೆಯೇ ಬಳಸಿಕೊಂಡಿರುತ್ತದೆ. ಕೈಯಿಂದ ಮಾಡುವ ಓವರ್‌ಕ್ಲಾಕಿಂಗ್‌ನಿಂದ ಆಟಗಳಲ್ಲಿ ದೊರೆಯುವ ಹೆಚ್ಚಳ ಬಹುತೇಕ ಅಲ್ಪವೇ. ಇಂಟೆಲ್‌ನಲ್ಲಿ ಇದಕ್ಕಾಗಿ 'ಕೆ' ಗುರುತಿನ ಪ್ರೊಸೆಸರ್ ಹಾಗೂ 'ಝಡ್' ಶ್ರೇಣಿಯ ಮದರ್‌ಬೋರ್ಡ್ ಬೇಕು; ಎರಡೂ ದುಬಾರಿ. ಎಎಂಡಿಯಲ್ಲಿ 'ಬಿ' ಶ್ರೇಣಿಯ ಬೋರ್ಡ್ ಸಾಕಾದರೂ ಅಗ್ಗದ 'ಎ' ಶ್ರೇಣಿಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗ್‌ಗೆ ಅವಕಾಶವಿಲ್ಲ.

ಲೇತ್ ಕಲಿಸಿದ ಪಾಠ

ವೇಗಕ್ಕೂ ಬಾಳಿಕೆಗೂ ಇರುವ ಸಂಬಂಧವನ್ನು ಹರಿಹರದವರಿಗೆ ಹೊಸದಾಗಿ ಹೇಳಬೇಕಾದ ಅಗತ್ಯವಿಲ್ಲ. 1941ರಲ್ಲಿ ಅಲ್ಲಿ ಆರಂಭವಾಗಿ ದಶಕಗಳ ಕಾಲ ಲೇತ್‌ಗಳನ್ನು ತಯಾರಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ಇಲ್ಲವಾದರೂ, ಯಂತ್ರದ ಕೆಲಸ ಬಲ್ಲವರು ಈ ಭಾಗದಲ್ಲಿ ಅನೇಕರಿದ್ದಾರೆ. ಲೇತ್‌ನಲ್ಲಿ ಕತ್ತರಿಸುವ ವೇಗವನ್ನು ಸ್ವಲ್ಪವೇ ಹೆಚ್ಚಿಸಿದರೂ ಉಳಿ ಬೇಗ ಸವೆಯುವುದು ಅವರೆಲ್ಲರ ಅನುಭವ. ಅಮೆರಿಕದ ಎಫ್.ಡಬ್ಲ್ಯೂ. ಟೇಲರ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಸೂತ್ರದಂತೆ, ಹೈಸ್ಪೀಡ್ ಸ್ಟೀಲ್ ಉಳಿಯ ವಿಷಯದಲ್ಲಿ ವೇಗವನ್ನು ಶೇ. 10ರಷ್ಟು ಏರಿಸಿದರೆ ಉಳಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಪ್ರೊಸೆಸರ್ ಸವೆಯುವ ಬಗೆ ಬೇರೆಯಾದರೂ ಲೆಕ್ಕಾಚಾರದ ತಿರುಳು ಇಂಥದ್ದೇ. ಅದು ಸೆಳೆಯುವ ವಿದ್ಯುತ್ತು ವೇಗದ ಅನುಪಾತದಲ್ಲಿಯೂ, ವೋಲ್ಟೇಜಿನ ವರ್ಗದ ಅನುಪಾತದಲ್ಲಿಯೂ ಏರುತ್ತದೆ. ವೇಗ ಮತ್ತು ವೋಲ್ಟೇಜ್ ಎರಡನ್ನೂ ಶೇ. 10ರಷ್ಟು ಹೆಚ್ಚಿಸಿದರೆ ವಿದ್ಯುತ್ ಬಳಕೆ ಶೇ. 33ರಷ್ಟು ಹೆಚ್ಚುತ್ತದೆ, ಅಷ್ಟೂ ವಿದ್ಯುತ್ತು ಶಾಖವಾಗಿ ಹೊರಬರುತ್ತದೆ. ಅತಿಯಾದ ವೋಲ್ಟೇಜಿನ ಪರಿಣಾಮಕ್ಕೆ ಇತ್ತೀಚಿನ ನಿದರ್ಶನವೂ ಇದೆ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾಗಲು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕಾರಣವೆಂದು 2024ರಲ್ಲಿ ಆ ಸಂಸ್ಥೆಯೇ ತಿಳಿಸಿ, ಅವುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಳಕೆದಾರರು ಏನನ್ನೂ ಬದಲಿಸದೆ ಇದ್ದಾಗಲೂ ಇಂತಹ ಹಾನಿ ಸಂಭವಿಸಿತೆಂಬುದು ಗಮನಾರ್ಹ. ಆ ತಲೆಮಾರಿನ ಯಂತ್ರಗಳನ್ನು ಮಾರಿದ ವರ್ತಕರು ಅವುಗಳ ಬಯೋಸ್ ಪರಿಷ್ಕರಿಸಿ ಕೊಡುವುದು ಗ್ರಾಹಕರಿಗೆ ದೊಡ್ಡ ಉಪಕಾರ.

ನಮ್ಮೂರಿನ ಬಿಸಿಲು, ಧೂಳು ಮತ್ತು ವಿದ್ಯುತ್ತು

ಓವರ್‌ಕ್ಲಾಕಿಂಗ್ ಕುರಿತ ವಿದೇಶಿ ಪರೀಕ್ಷೆಗಳು ಬಹುಮಟ್ಟಿಗೆ 20ರಿಂದ 25 ಡಿಗ್ರಿ ಉಷ್ಣಾಂಶದ ಕೊಠಡಿಗಳಲ್ಲಿ ನಡೆದವು. ದಾವಣಗೆರೆಯ ಬೇಸಿಗೆಯಲ್ಲಿ ಹವಾನಿಯಂತ್ರಣವಿಲ್ಲದ ಕೊಠಡಿ 38 ಡಿಗ್ರಿಯನ್ನು ಸಲೀಸಾಗಿ ಮುಟ್ಟುತ್ತದೆ. ಗಾಳಿಯ ಕೂಲರ್ ಆಗಲಿ, ದ್ರವದ ಕೂಲರ್ ಆಗಲಿ, ಕೊಠಡಿಯ ಉಷ್ಣಾಂಶಕ್ಕಿಂತ ಕೆಳಗೆ ಪ್ರೊಸೆಸರನ್ನು ತಣಿಸಲಾರದು. 24 ಡಿಗ್ರಿಯ ಕೊಠಡಿಯಲ್ಲಿ 80 ಡಿಗ್ರಿ ತೋರುವ ಪ್ರೊಸೆಸರ್, 38 ಡಿಗ್ರಿಯ ಕೊಠಡಿಯಲ್ಲಿ 94ರ ಆಸುಪಾಸಿಗೆ ಬರುತ್ತದೆ. ರೈಜನ್ 7000 ಶ್ರೇಣಿಯ ಬಹುತೇಕ ಪ್ರೊಸೆಸರ್‌ಗಳ ಗರಿಷ್ಠ ಮಿತಿ 95 ಡಿಗ್ರಿ. ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಹಣ ತೆತ್ತು ಗಳಿಸಿದ ಹೆಚ್ಚುವರಿ ವೇಗವು ಏಪ್ರಿಲ್ ತಿಂಗಳಲ್ಲಿ ಮಾಯವಾಗುತ್ತದೆ. ಆದುದರಿಂದ ಜನವರಿಯ ರಾತ್ರಿಯಲ್ಲಿ ಪರೀಕ್ಷಿಸಿ 'ಸ್ಥಿರವಾಗಿದೆ' ಎಂದು ಕೊಟ್ಟ ಯಂತ್ರ ಬೇಸಿಗೆಯಲ್ಲಿ ಮರಳಿ ಅಂಗಡಿಗೆ ಬಂದರೆ ಅಚ್ಚರಿಪಡಬೇಕಿಲ್ಲ.

ಇದರ ಜೊತೆಗೆ ಧೂಳಿನ ಸಮಸ್ಯೆಯಿದೆ. ನಗರದ ಹೊರವಲಯದ ಆವರಗೆರೆಯಂತಹ ಪ್ರದೇಶಗಳಲ್ಲಾಗಲಿ, ಅಕ್ಕಿ ಗಿರಣಿ ಅಥವಾ ಮಂಡಕ್ಕಿ ಭಟ್ಟಿಗಳ ಸಮೀಪದಲ್ಲಾಗಲಿ ಇಡುವ ಯಂತ್ರಕ್ಕೆ ತೊಳೆಯಬಹುದಾದ ಜಾಲರಿಯುಳ್ಳ ಕ್ಯಾಬಿನೆಟ್ ಅವಶ್ಯ. ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ತುಂಬಿದರೆ ಉತ್ತಮ ಕೂಲರ್ ಕೂಡ ನಿಷ್ಪ್ರಯೋಜಕ. ಮೂರು ತಿಂಗಳಿಗೊಮ್ಮೆ ಸ್ವಚ್ಛಗೊಳಿಸುವ ವಾರ್ಷಿಕ ಕರಾರು ಗ್ರಾಹಕರಿಗೂ ಹಿತ, ವರ್ತಕರಿಗೂ ನಿಯತ ಆದಾಯ.

ವಿದ್ಯುತ್ತಿನ ಲೆಕ್ಕವನ್ನೂ ಮರೆಯಬಾರದು. ಗೇಮಿಂಗ್ ಕೆಫೆಯೊಂದರಲ್ಲಿ 10 ಯಂತ್ರಗಳು ತಲಾ 100 ವಾಟ್ ಹೆಚ್ಚುವರಿಯಾಗಿ ಸೆಳೆಯುತ್ತ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 360 ಯೂನಿಟ್ ಹೆಚ್ಚು ಖರ್ಚಾಗುತ್ತದೆ. ಆ ಶಾಖವನ್ನು ಹೊರಹಾಕುವ ಹವಾನಿಯಂತ್ರಕದ ಬಿಲ್ಲು ಬೇರೆ. ಮನೆಗಳಲ್ಲಿ ರೂಢಿಯಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಹೊರೆಯನ್ನಷ್ಟೇ ತಾಳುತ್ತದೆ. ಆಟ ನಡೆದಿರುವಾಗ 400 ವಾಟ್ ದಾಟುವ ಯಂತ್ರವನ್ನು ಅದಕ್ಕೆ ಜೋಡಿಸಿದರೆ ವಿದ್ಯುತ್ ಕಡಿತವಾದ ಕ್ಷಣದಲ್ಲೇ ಎಲ್ಲವೂ ಸ್ಥಗಿತಗೊಳ್ಳುತ್ತದೆ.

ಉಪಯುಕ್ತವಾದ ಹೊಂದಾಣಿಕೆಗಳು

ಹಾಗೆಂದು ಯಂತ್ರವನ್ನು ಜೋಡಿಸಿದ ಸ್ಥಿತಿಯಲ್ಲಿಯೇ ಕೊಟ್ಟುಬಿಡಬೇಕೆಂದು ಅರ್ಥವಲ್ಲ. ಮೊದಲನೆಯದಾಗಿ, ಮೆಮೊರಿಯ ಪೆಟ್ಟಿಗೆಯ ಮೇಲೆ 6000 ಎಂದು ಮುದ್ರಿತವಾಗಿದ್ದರೂ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆಯನ್ನು ಸಕ್ರಿಯಗೊಳಿಸದಿದ್ದರೆ ಅದು 4800ರಂತಹ ಮೂಲ ವೇಗದಲ್ಲಿಯೇ ಓಡುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ದರ ತೀವ್ರವಾಗಿ ಏರಿದ ಅನುಭವವಿರುವಾಗ, ಹಣ ಕೊಟ್ಟ ವೇಗ ಗ್ರಾಹಕನಿಗೆ ದೊರೆಯುವಂತೆ ಮಾಡುವುದು ವರ್ತಕರ ಕರ್ತವ್ಯ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದೂ ಓವರ್‌ಕ್ಲಾಕಿಂಗ್. ಆದುದರಿಂದ ಮದರ್‌ಬೋರ್ಡ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿರುವ ಮೆಮೊರಿಯನ್ನೇ ಆಯ್ದು, ರಾತ್ರಿಯಿಡೀ ಪರೀಕ್ಷಿಸಿ ಕೊಡುವುದು ಉಚಿತ.

ಎರಡನೆಯದಾಗಿ, ವೋಲ್ಟೇಜನ್ನು ಹೆಚ್ಚಿಸುವ ಬದಲು ಎಚ್ಚರಿಕೆಯಿಂದ ತಗ್ಗಿಸುವ ಕ್ರಮ ನಮ್ಮ ಹವಾಮಾನಕ್ಕೆ ಹೆಚ್ಚು ಒಗ್ಗುತ್ತದೆ. ಶಾಖ ಇಳಿದಷ್ಟೂ ಪ್ರೊಸೆಸರ್ ತನ್ನ ಗರಿಷ್ಠ ವೇಗವನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ. ರೈಜನ್‌ನ 'ಇಕೋ ಮೋಡ್' ವಿದ್ಯುತ್ ಮಿತಿಯನ್ನು ತಗ್ಗಿಸುವ ಸುಲಭ ಮಾರ್ಗ. ಆಟಗಳಲ್ಲಿ ಇದರಿಂದಾಗುವ ನಷ್ಟ ಬಹಳ ಕಡಿಮೆ.

ಮಾನಿಟರ್: ಕಣ್ಣಿಗೆ ಕಾಣುವ ಲಾಭ

ಕಂಪ್ಯೂಟರ್ ಸಿದ್ಧಪಡಿಸಿದ ಚಿತ್ರಗಳನ್ನು ತೋರಿಸುವುದು ಮಾನಿಟರ್. ಸೆಕೆಂಡಿಗೆ 100 ಚಿತ್ರಗಳನ್ನು ಸಿದ್ಧಪಡಿಸುವ ಯಂತ್ರವನ್ನು ಓವರ್‌ಕ್ಲಾಕ್ ಮಾಡಿ 105ಕ್ಕೆ ಏರಿಸಿದೆವೆಂದು ಭಾವಿಸೋಣ. ಮಾನಿಟರ್ 60 ಹರ್ಟ್ಸ್‌ನದಾದರೆ ಪರದೆ ಬದಲಾಗುವುದು ಸೆಕೆಂಡಿಗೆ 60 ಬಾರಿ ಮಾತ್ರ. ಓವರ್‌ಕ್ಲಾಕಿಂಗ್‌ಗೆಂದು ದುಬಾರಿ ಬೋರ್ಡ್ ಮತ್ತು ಕೂಲರ್‌ಗೆ ತೆರುವ ಹೆಚ್ಚುವರಿ ಹಣವನ್ನು 144 ಹರ್ಟ್ಸ್ ಮಾನಿಟರ್‌ಗೆ ವಿನಿಯೋಗಿಸಿದರೆ, ಪರದೆಯ ಎರಡು ನವೀಕರಣಗಳ ನಡುವಿನ ಅಂತರ 16.7 ಮಿಲಿಸೆಕೆಂಡ್‌ನಿಂದ 6.9ಕ್ಕೆ ಇಳಿಯುತ್ತದೆ. ಈ ವ್ಯತ್ಯಾಸ ಎಂಥವರ ಕಣ್ಣಿಗೂ ಗೋಚರಿಸುತ್ತದೆ.

ಮಾನಿಟರ್ ಹಾಗೂ ಗ್ರಾಫಿಕ್ಸ್ ಕಾರ್ಡ್ ಪರಸ್ಪರ ಹೊಂದಬೇಕು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದರೆ, 2560×1440ರಲ್ಲಿ 36.9 ಲಕ್ಷ ಮತ್ತು 3840×2160ರಲ್ಲಿ 82.9 ಲಕ್ಷ ಬಿಂದುಗಳಿರುತ್ತವೆ. ಅಂದರೆ 4ಕೆ ಪರದೆಗೆ ಕಾರ್ಡು ನಾಲ್ಕು ಪಟ್ಟು ಬಿಂದುಗಳನ್ನು ಚಿತ್ರಿಸಬೇಕು. ಸಾಧಾರಣ ಕಾರ್ಡಿಗೆ 24 ಇಂಚಿನ 1080 ಪರದೆ, ಮಧ್ಯಮ ಕಾರ್ಡಿಗೆ 27 ಇಂಚಿನ 1440 ಪರದೆ ಸೂಕ್ತ. 27 ಇಂಚಿನ 1080 ಪರದೆಯಲ್ಲಿ ಇಂಚಿಗೆ ಸುಮಾರು 82 ಬಿಂದುಗಳಷ್ಟೇ ಇರುವುದರಿಂದ ಅಕ್ಷರಗಳು ಒರಟಾಗಿ ಕಾಣುತ್ತವೆ. ವಿನ್ಯಾಸದ ಕೆಲಸವನ್ನೂ ಮಾಡುವ ವಿದ್ಯಾರ್ಥಿಗೆ ಅದು ಹಿತಕರವಲ್ಲ.

ಪರದೆಯ ಬಗೆಗಳಲ್ಲಿ ಐಪಿಎಸ್ ಬಣ್ಣಕ್ಕೂ ನೋಟದ ಕೋನಕ್ಕೂ ಉತ್ತಮ. ವಿಎ ಪರದೆಯಲ್ಲಿ ಕಪ್ಪು ಗಾಢವಾಗಿದ್ದರೂ ಅಗ್ಗದ ಮಾದರಿಗಳಲ್ಲಿ ವೇಗದ ದೃಶ್ಯಗಳು ಮಸುಕಾಗುತ್ತವೆ. ಓಲೆಡ್ ಅತ್ಯುತ್ತಮವಾದರೂ ಒಂದೇ ಚಿತ್ರ ಹಗಲೆಲ್ಲ ನಿಂತಿರುವ ಕೆಫೆಗಳಲ್ಲಿ ಅದರ ಅಚ್ಚು ಪರದೆಯ ಮೇಲೆ ಶಾಶ್ವತವಾಗಿ ಉಳಿಯುವ ಅಪಾಯವಿದೆ. ಕಾರ್ಡಿನ ವೇಗಕ್ಕೆ ತಕ್ಕಂತೆ ಪರದೆಯ ವೇಗವನ್ನು ಬದಲಿಸುವ ಅಡಾಪ್ಟಿವ್ ಸಿಂಕ್ ಸೌಲಭ್ಯ ಕಡ್ಡಾಯವಾಗಿರಲಿ; ಚಿತ್ರಗಳ ಸಂಖ್ಯೆ ಏರಿಳಿಯುವಾಗಲೂ ದೃಶ್ಯ ಹರಿದಂತೆ ಕಾಣದಿರಲು ಅದೇ ಕಾರಣ.

ಮಾರಾಟದ ದಿನ ಇನ್ನೆರಡು ಸಂಗತಿಗಳನ್ನು ಪರಿಶೀಲಿಸತಕ್ಕದ್ದು. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೆ ಜೋಡಿಸಿರಬೇಕು. ವಿಂಡೋಸ್‌ನಲ್ಲಿ ಪರದೆಯ ವೇಗವನ್ನು 60ರಿಂದ 144ಕ್ಕೆ ಬದಲಿಸಿರಬೇಕು. ಇವೆರಡನ್ನು ಮಾಡದ ಕಾರಣ ದುಬಾರಿ ಮಾನಿಟರ್ ಕೊಂಡೂ ಅದರ ಲಾಭ ಪಡೆಯದೆ ಉಳಿಯುವ ಗ್ರಾಹಕರಿದ್ದಾರೆ.

ತೆರಿಗೆ, ವಾರಂಟಿ ಮತ್ತು ಕಾನೂನು

2019ರ ಜನವರಿ 1ರಿಂದ 32 ಇಂಚಿನವರೆಗಿನ ಮಾನಿಟರ್‌ಗಳಿಗೆ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಈ ಭೇದ ರದ್ದಾಗಿ ಎಲ್ಲಕ್ಕೂ ಶೇ. 18 ಅನ್ವಯವಾಯಿತು. ತೆರಿಗೆಪೂರ್ವ ಬೆಲೆ 30,000 ರೂಪಾಯಿಯ 34 ಇಂಚಿನ ಮಾನಿಟರ್‌ಗೆ ಇದರಿಂದ 3,000 ರೂಪಾಯಿ ತೆರಿಗೆ ತಗ್ಗಿದೆ. ಮಾನಿಟರ್ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು.

ತಯಾರಕರ ಮಿತಿ ಮೀರಿ ಓಡಿಸಿದ ಪ್ರೊಸೆಸರ್‌ಗೆ ವಾರಂಟಿ ನಿರಾಕರಿಸುವ ಹಕ್ಕನ್ನು ಎಎಂಡಿ ತನ್ನ ನಿಬಂಧನೆಗಳಲ್ಲಿ ಕಾಯ್ದಿರಿಸಿಕೊಂಡಿದೆ. ಇಂಟೆಲ್ ಪ್ರತ್ಯೇಕ ಶುಲ್ಕಕ್ಕೆ ನೀಡುತ್ತಿದ್ದ ಓವರ್‌ಕ್ಲಾಕಿಂಗ್ ರಕ್ಷಣಾ ಯೋಜನೆ 2021ರಲ್ಲಿಯೇ ನಿಂತಿತು. ಹೀಗಿರುವಾಗ ಅಂಗಡಿಯಲ್ಲಿ ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್ ಕೆಟ್ಟರೆ ಗ್ರಾಹಕ ಬರುವುದು ವರ್ತಕರ ಬಾಗಿಲಿಗೆ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ 86ನೆಯ ಪ್ರಕರಣದ ಪ್ರಕಾರ, ಮಾರಾಟಗಾರನು ಉತ್ಪನ್ನವನ್ನು ಮಾರ್ಪಡಿಸಿದ್ದು, ವ್ಯಕ್ತಿಗೆ ಅಥವಾ ಇತರ ಆಸ್ತಿಗೆ ಆದ ಹಾನಿಗೆ ಆ ಮಾರ್ಪಾಡೇ ಪ್ರಮುಖ ಕಾರಣವಾದರೆ, ತಯಾರಕನಲ್ಲದಿದ್ದರೂ ಅವನು ಹೊಣೆಗಾರನಾಗಬಹುದು. ಯಂತ್ರವೇ ಕೆಟ್ಟ ಸಂದರ್ಭದಲ್ಲಿ ಸೇವಾ ನ್ಯೂನತೆಯ ದೂರಿಗೂ ಅವಕಾಶವುಂಟು. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು.

ಆದುದರಿಂದ ಓವರ್‌ಕ್ಲಾಕಿಂಗ್ ಅನ್ನು ಮಾರಾಟದ ಉಚಿತ ಕೊಡುಗೆಯಾಗಿಸದೆ, ಗ್ರಾಹಕನು ಲಿಖಿತವಾಗಿ ಕೋರಿದಲ್ಲಿ ಮಾತ್ರ ಪ್ರತ್ಯೇಕ ಸೇವೆಯಾಗಿ ನೀಡುವುದು ಕ್ಷೇಮಕರ. ಬಿಲ್ಲಿನೊಂದಿಗೆ ಒಂದು ಪುಟದ ಹಾಳೆಯನ್ನು ಲಗತ್ತಿಸಿ, ಅದರಲ್ಲಿ ಪ್ರೊಸೆಸರ್ ಮತ್ತು ಮೆಮೊರಿಯ ವೇಗ, ವೋಲ್ಟೇಜ್, ಪರೀಕ್ಷೆ ನಡೆದ ಅವಧಿ, ಆಗಿನ ಕೊಠಡಿಯ ಉಷ್ಣಾಂಶ, ದಾಖಲಾದ ಗರಿಷ್ಠ ಉಷ್ಣತೆ, ಮಾನಿಟರ್‌ನ ನಿಗದಿತ ಹರ್ಟ್ಸ್ ಹಾಗೂ ದೋಷಯುಕ್ತ ಬಿಂದುಗಳ ಕುರಿತು ತಯಾರಕರ ನಿಯಮವನ್ನು ನಮೂದಿಸಿ ಇಬ್ಬರೂ ಸಹಿ ಮಾಡಬೇಕು. ಇದಕ್ಕೆ ತಗಲುವ ಖರ್ಚು ಒಂದು ಕಾಗದದ್ದು. ವಿವಾದ ಬಂದಾಗ ಅದರ ಬೆಲೆ ಬಹಳ.

ಜೋಡಿಸಿದ ಯಂತ್ರ ಬೇಸಿಗೆಯಲ್ಲಿಯೂ ತೊಂದರೆ ಕೊಡದೆ ಓಡಿದರೆ, ಕೊಂಡ ಮಾನಿಟರ್ ಅದರ ಸಾಮರ್ಥ್ಯವನ್ನು ಪೂರ್ಣವಾಗಿ ತೋರಿಸಿದರೆ, ಆ ಗ್ರಾಹಕನು ಮುಂದಿನ ಬಾರಿ ತನ್ನ ಗೆಳೆಯನನ್ನೂ ಅದೇ ಅಂಗಡಿಗೆ ಕರೆತರುತ್ತಾನೆ. ಕೆಲವು ನೂರು ರೂಪಾಯಿಗಳ ದರ ವ್ಯತ್ಯಾಸವನ್ನು ಮೀರಿ ಸ್ಥಳೀಯ ವರ್ತಕರನ್ನು ಉಳಿಸಬಲ್ಲದ್ದು ಈ ವಿಶ್ವಾಸವೇ ಆಗಿದೆ.