ಕೆರೆಯ ಮೊಸಳೆಯಿಂದ ಕಡಲ ಕರೆಯವರೆಗೆ

ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ಪ್ರವಾಸಕ್ಕೂ ಸಲ್ಲುತ್ತದೆ. ರಜೆ ಬಂತೆಂದರೆ ಊಟಿ, ಕೊಡೈಕನಾಲ್ ಎಂದು ವಾಹನ ಗೊತ್ತುಮಾಡುವ ನಾವು ನಮ್ಮದೇ ಜಿಲ್ಲೆಯ ಕೆರೆ ಕಡಲುಗಳನ್ನು ಮರೆತೇಬಿಡುತ್ತೇವೆ. ಈ ಕೊರತೆಯನ್ನು ನೀಗಲೆಂದು ಡಿಸೆಂಬರ್ ತಿಂಗಳ ಒಂದು ಆದಿತ್ಯವಾರ ಬೆಳಗ್ಗೆ ಮಕ್ಕಳೂ ಹಿರಿಯರೂ ಸೇರಿ ಹನ್ನೊಂದು ಮಂದಿ ಕುಂಬಳೆಯಲ್ಲಿ ಒಟ್ಟಾದೆವು. ಮಾರ್ಗದರ್ಶಕರಾಗಿ ಬಂದವರು ನಿವೃತ್ತ ವಿಜ್ಞಾನ ಅಧ್ಯಾಪಕರೊಬ್ಬರು. ನಮಗೆಲ್ಲ ಅವರು ಮಾಸ್ತರರು. “ಇಂದು ನೋಡುವುದಕ್ಕಿಂತ ಕಾಯುವ ಕೆಲಸವೇ ಹೆಚ್ಚು. ತಾಳ್ಮೆ ಇಲ್ಲದವರು ಈಗಲೇ ಹೇಳಿ” ಎಂದರು ಅವರು. ಯಾರೂ ಬಾಯಿ ಬಿಡಲಿಲ್ಲ.

ಕುಂಬಳೆಯಿಂದ ಅನಂತಪುರಕ್ಕೆ ಐದಾರು ಕಿಲೋಮೀಟರು. ಕೆಂಪುಕಲ್ಲಿನ ಪಾರೆಯ ನಡುವೆ ತಗ್ಗಿನಲ್ಲಿ ಹಸಿರು ನೀರಿನ ಕೆರೆ, ಅದರ ಮಧ್ಯೆ ಅನಂತಪದ್ಮನಾಭನ ಗರ್ಭಗುಡಿ, ಅಲ್ಲಿಗೊಂದು ಕಾಲುಸೇತುವೆ. ಕೇರಳದ ಏಕೈಕ ಸರೋವರ ಕ್ಷೇತ್ರವೆಂದು ಇದಕ್ಕೆ ಹೆಸರು. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನವೆಂದೂ, ಕೆರೆಯ ಮೂಲೆಯ ಗುಹೆಯ ಮೂಲಕ ದೇವರು ಅಲ್ಲಿಗೆ ತೆರಳಿದನೆಂದೂ ಸ್ಥಳಪುರಾಣ ಹೇಳುತ್ತದೆ.

ಈ ಕೆರೆಯ ಬಬಿಯಾ ಎಂಬ ಮೊಸಳೆಯನ್ನು ಅರಿಯದವರು ನಮ್ಮ ನಾಡಿನಲ್ಲಿ ವಿರಳ. ಬ್ರಿಟಿಷ್ ಸೈನಿಕನೊಬ್ಬ 1945ರಲ್ಲಿ ಇಲ್ಲಿನ ಮೊಸಳೆಯನ್ನು ಗುಂಡಿಟ್ಟು ಕೊಂದನೆಂದೂ, ಕೆಲವೇ ದಿನಗಳಲ್ಲಿ ಆತ ಹಾವು ಕಚ್ಚಿ ಸತ್ತನೆಂದೂ, ಬಳಿಕ ಕಾಣಿಸಿಕೊಂಡದ್ದೇ ಬಬಿಯಾ ಎಂದೂ ಊರಿನ ಕಥೆ. ನೈವೇದ್ಯದ ಅನ್ನವುಂಡು, ಯಾರಿಗೂ ಉಪದ್ರವ ಕೊಡದೆ ಬದುಕಿದ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ಅಂತ್ಯದರ್ಶನಕ್ಕೆ ಜಾತಿ ಮತವೆನ್ನದೆ ಜನ ನೆರೆದಿದ್ದರು. ಸುಮಾರು ಒಂದು ವರ್ಷ ಕೆರೆ ಬರಿದಾಗಿತ್ತು. 2023ರ ನವೆಂಬರ್‌ನಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು. ಅದು ಎಲ್ಲಿಂದ, ಯಾವ ದಾರಿಯಾಗಿ ಬಂತೆಂಬುದನ್ನು ಕಂಡವರಿಲ್ಲ.

“ಇದೂ ಅನ್ನ ತಿನ್ನುತ್ತದೆಯೇ ಮಾಸ್ತ್ರೇ?” ಎಂದು ನಮ್ಮ ಜತೆಗಿದ್ದ ಹುಡುಗಿ ಕೇಳಿದಳು. ಮಾಸ್ತರರು ನಕ್ಕರು. “ಇದು ಸಿಹಿನೀರಿನ ಮೊಸಳೆ, ಮಗಳೇ. ಮೀನು, ಕಪ್ಪೆ ಅದರ ಹುಟ್ಟುಗುಣದ ಆಹಾರ. ತಣ್ಣನೆಯ ರಕ್ತದ ಪ್ರಾಣಿಯಾದ್ದರಿಂದ ಸ್ವಲ್ಪ ತಿಂದು ಬಹಳ ದಿನ ಇರಬಲ್ಲದು. ಬಬಿಯಾನಂತೆ ಇರಬೇಕೆಂದು ನಾವು ಅದಕ್ಕೆ ಕಟ್ಟಳೆ ಹಾಕಲಾಗದು. ದೂರವಿರಬೇಕಾದವರು ನಾವು.”

ಮುಕ್ಕಾಲು ಗಂಟೆ ಕಾದೆವು. ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಕಲ್ಲು ಹೆಕ್ಕಿದರು. ಮಾಸ್ತರರು ಏನೂ ಹೇಳದೆ ಆ ಕಲ್ಲನ್ನು ಕೇಳಿ ಪಡೆದು ಬದಿಗಿಟ್ಟರು. ಎಲ್ಲರೂ ಸುಮ್ಮನಾದ ಮೇಲೆ ಗುಹೆಯ ಬಾಯಿಯ ಹತ್ತಿರ ನೀರು ಮೆಲ್ಲನೆ ಅಲುಗಿತು. ಮೊದಲು ಮೂಗಿನ ತುದಿ, ಹಿಂದೆಯೇ ಎರಡು ಕಣ್ಣು. ಕಣ್ಣು, ಕಿವಿ, ಮೂಗು ತಲೆಯ ಮೇಲ್ಭಾಗದಲ್ಲೇ ಇರುವುದರಿಂದ ಉಳಿದ ದೇಹ ನೀರೊಳಗೇ ಇತ್ತು. ನೂರು ಎಣಿಸುವಷ್ಟು ಹೊತ್ತು ಕಂಡು ಮತ್ತೆ ಮಾಯ. ಕಲ್ಲು ಹೆಕ್ಕಿದವರೇ ಮೊದಲು ಕೈಮುಗಿದರು.

ಮಧ್ಯಾಹ್ನ ಕಾಸರಗೋಡಿನಲ್ಲಿ ಊಟ. ಅಲ್ಲಿಂದ ಚಂದ್ರಗಿರಿ ಹೊಳೆ ದಾಟಿ ಉದುಮದ ಸಮೀಪದ ಕಾಪಿಲ್ ಕಡಲ ಕರೆಗೆ ಬಂದೆವು. ಜನಸಂದಣಿ ಇಲ್ಲದ ತಾಣ. ಬೊಂಡ ಕುಡಿದು ಮರಳ ಮೇಲೆ ಕುಳಿತಾಗ ಮಾಸ್ತರರು ಬೆಳಗ್ಗಿನ ಪಾಠವನ್ನು ಮುಂದುವರಿಸಿದರು.

ಚಳಿಗಾಲದ ರಾತ್ರಿಗಳಲ್ಲಿ ನಮ್ಮ ಕಡಲ ಕರೆಗೆ ಆಲಿವ್ ರಿಡ್ಲಿ ಜಾತಿಯ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಳು ತೋಡಿ ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ, ಕತ್ತಲಲ್ಲೇ ಹಿಂದಿರುಗುತ್ತವೆ. ಏಳೆಂಟು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಮೊಸಳೆಯೂ ಹೀಗೆಯೇ ಮಣ್ಣಿನಲ್ಲಿ ಮೊಟ್ಟೆ ಹುಗಿಯುತ್ತದೆ. ಎರಡರಲ್ಲೂ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮೊಟ್ಟೆಯ ಸುತ್ತಲಿನ ಶಾಖ! ಆಮೆಗಳಲ್ಲಿ ಮರಳು ಹೆಚ್ಚು ಬಿಸಿಯಾದರೆ ಹೆಣ್ಣು ಮರಿಗಳೇ ಹೆಚ್ಚು. ಮರಿಗಳು ಬೆಳಕಿನ ಕಡೆಗೆ ಹರಿಯುತ್ತವೆ. ಕತ್ತಲ ಕರೆಯಲ್ಲಿ ಹೊಳೆಯುವುದು ಕಡಲು ಮಾತ್ರ. ಆದರೆ ಕರೆಯಲ್ಲಿ ದೀಪ ಉರಿದರೆ ಅವು ದಾರಿ ತಪ್ಪಿ ರಸ್ತೆಯತ್ತ ಬಂದು ಸಾಯುತ್ತವೆ. ನೀಲೇಶ್ವರ ಸಮೀಪದ ತೈಕಡಪ್ಪುರದಲ್ಲಿ ‘ನೈತಲ್’ ಸಂಘಟನೆಯವರು ಮೊಟ್ಟೆಗಳನ್ನು ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುವ ಕೆಲಸ ಮಾಡಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಪಟ್ಟಿಯಲ್ಲಿ ಮೊಸಳೆಯೂ ಇದೆ, ಈ ಆಮೆಯೂ ಇದೆ.

ಸಂಜೆ ಬೇಕಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ, ಸುಮಾರು 40 ಎಕರೆ ವಿಸ್ತಾರದ ಕೋಟೆ ಯಾರ ವರ್ಣನೆಗೂ ಕಾಯುವುದಿಲ್ಲ. ಕೊತ್ತಳದ ಮೇಲಿಂದ ಸೂರ್ಯಾಸ್ತ ನೋಡಿ ಕರೆಗೆ ಇಳಿದೆವು. ಮರಳಿನಲ್ಲಿ ಬಾಟಲಿ, ತೊಟ್ಟೆ, ಹರಿದ ಬಲೆಯ ತುಂಡು. ಯಾರೂ ಹೇಳದೆಯೇ ಮಕ್ಕಳು ಹೆಕ್ಕತೊಡಗಿದರು. ಹಿರಿಯರೂ ನಾಚಿ ಸೇರಿಕೊಂಡೆವು. ಅರ್ಧ ಗಂಟೆಯಲ್ಲಿ ಎರಡು ಗೋಣಿ ತುಂಬಿತು.

ಹೋಗುವ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಮಳೆಗಾಲದ ಕಡಲಿಗೆ ಇಳಿಯಬೇಡಿ. ಕೆರೆಯ ಬದಿಯಲ್ಲಿ ಗದ್ದಲ ಬೇಡ, ನೀರಿಗೆ ಏನನ್ನೂ ಎಸೆಯಬೇಡಿ. ಮೊಸಳೆ ಕಾಣದೆ ಹೋದರೆ ಬೇಸರಿಸಬೇಡಿ; ದರ್ಶನ ಕೊಡುವುದು, ಬಿಡುವುದು ಅದರ ಇಷ್ಟ. ಕತ್ತಲಾದ ಮೇಲೆ ಕಡಲ ಕರೆಯನ್ನು ಆಮೆಗಳಿಗೆ ಬಿಟ್ಟು ಮನೆಗೆ ಮರಳಿ. ನಾವೂ ಹಾಗೆಯೇ ಮಾಡಿದೆವು.