ಸವತಿಯರಲ್ಲದ ಇಬ್ಬರು

ಇಬ್ಬರು ಹೆಂಗಸರ ನಡುವಣ ಪೈಪೋಟಿಗೆ ನಮ್ಮ ನಾಲಗೆಗೆ ತಟ್ಟನೆ ಬರುವ ಮಾತು 'ಸವತಿಮತ್ಸರ'. ಆ ಮಾತಿನೊಳಗೇ ಒಬ್ಬ ಗಂಡಸು ಕುಳಿತಿದ್ದಾನೆ. ಮಹಾಭಾರತದ ದೇವಯಾನಿ-ಶರ್ಮಿಷ್ಠೆಯರನ್ನು ನೆನೆಯಿರಿ. ಮೊದಲು ಅವರು ಗೆಳತಿಯರು. ನೀರಾಟದ ವೇಳೆ ದಡದ ಮೇಲಿದ್ದ ಬಟ್ಟೆಗಳು ಗಾಳಿಗೆ ಕಲೆತುಹೋದವು; ಒಬ್ಬಳ ಉಡುಗೆಯನ್ನು ಇನ್ನೊಬ್ಬಳು ಉಟ್ಟಳು; ಜಗಳ ಬೆಳೆದು ದೇವಯಾನಿ ಬಾವಿಯ ಪಾಲಾದಳು. ಅವಳನ್ನು ಮೇಲೆತ್ತಿದವನು ಯಯಾತಿ. ಅಲ್ಲಿಂದ ಮುಂದೆ ಕಥೆ ಅವನದು. 1961ರಲ್ಲಿ ಪ್ರಕಟವಾದ ಕಾರ್ನಾಡರ ನಾಟಕಕ್ಕೂ ಅವನದೇ ಹೆಸರು. ಗೆಳತಿಯರು ತಮ್ಮ ಮುನಿಸನ್ನು ತಾವೇ ತೀರಿಸಿಕೊಳ್ಳುವ ಎಡೆ ಮಾತ್ರ ಅವರಿಗೆ ದೊರೆಯಲಿಲ್ಲ.

ಬಂಗಾಳದ ಕೃತ್ತಿವಾಸ ರಾಮಾಯಣದ ಕೆಲವು ಪಾಠಗಳು ಇನ್ನೊಂದು ಹಾದಿ ಹಿಡಿದಿವೆ. ಅಲ್ಲಿ ದಿಲೀಪನ ಇಬ್ಬರು ವಿಧವೆಯರು ಶಿವನ ವರದಿಂದ ಪರಸ್ಪರ ಕೂಡಿ ಭಗೀರಥನನ್ನು ಪಡೆಯುತ್ತಾರೆ. ವಂಶ ಉಳಿಸುವ ನೆಪ ಬೇಕಾಯಿತು, ನಿಜ. ಆದರೂ ಸವತಿಯರು ಸಂಗಾತಿಗಳಾದದ್ದನ್ನು ಆ ಕವಿಗಳು ಅಳುಕಿಲ್ಲದೆ ಹೇಳಿದರು.

ಗಂಡಸಿನ ನೆರಳೇ ಇಲ್ಲದ ಪೈಪೋಟಿಯನ್ನು ಕಾಣಬೇಕಾದರೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳ ಕಡೆ ಹೊರಳಬೇಕು. ಅಲ್ಲಿ ಒಂದು ಅಂಗಿಯನ್ನು ಒಬ್ಬಳೇ ಹೊಲಿಯುವುದಿಲ್ಲ. ಕಾಲರ್ ಒಬ್ಬಳದು, ತೋಳು ಮತ್ತೊಬ್ಬಳದು. ಗಂಟೆಗೆ ಇಷ್ಟು ಎಂಬ ಟಾರ್ಗೆಟ್ ಎಲ್ಲರ ತಲೆಯ ಮೇಲೆ. ಚುರುಕು ಕೈಯವಳು ನಾಲ್ಕು ಹೆಚ್ಚು ಹೊಲಿದರೆ ಮಿಕ್ಕವರಿಂದಲೂ ಅಷ್ಟನ್ನೇ ಕೇಳುತ್ತಾರೆ. ಹಾಗಾಗಿ ಜಾಣೆಯರಿಬ್ಬರ ಪಂತ ಇಡೀ ಸಾಲಿಗೆ ಶಾಪ. ಅಂಥ ಇಬ್ಬರು ಹಗೆಯಲ್ಲೇ ಅಗಲಿ, ವರ್ಷಗಳ ಮೇಲೆ ಮತ್ತೊಂದು ಕಾರ್ಖಾನೆಯಲ್ಲಿ ಅಕ್ಕಪಕ್ಕದ ಮೆಷಿನ್ನಿಗೆ ಕುಳಿತರೆಂದು ಊಹಿಸೋಣ. ಒಬ್ಬಳ ಕೈವೇಗದ ಬೆಲೆಯನ್ನು ಇನ್ನೊಬ್ಬಳಷ್ಟು ಬಲ್ಲವರು ಯಾರು? ಅವರಲ್ಲಿ ಒಲವು ಹುಟ್ಟಿದರೆ ನನಗೇನೂ ಸೋಜಿಗವಿಲ್ಲ. ನಮ್ಮ ಕಾದಂಬರಿಕಾರರು ಬರೆಯಬೇಕಾದ ಪ್ರೇಮಕಥೆ ಇದು.

ಬಾಡಿಗೆಯ ಒಂದೇ ಕೋಣೆಯಲ್ಲಿ ಇಬ್ಬರು ಹುಡುಗಿಯರಿದ್ದರೆ ವಠಾರ ಅನುಮಾನಿಸುವುದು ಕಡಿಮೆ. 'ಅಕ್ಕತಂಗಿಯರಂತೆ ಇದ್ದಾರೆ' ಎಂದು ಮೆಚ್ಚುವುದೂ ಉಂಟು. ಆ ಮೆಚ್ಚುಗೆ ಅವರಿಗೆ ಆಸರೆ. ಅವರ ನಿಜವನ್ನು ಮುಚ್ಚುವ ಹೊದಿಕೆಯೂ ಹೌದು.

ಕಾನೂನಿನ ಮಾತಿಗೆ ಬರೋಣ. ವಯಸ್ಕರು ಒಪ್ಪಿ ಕೂಡುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. 2023ರ ಅಕ್ಟೋಬರ್ 17ರಂದು ಅಂಥವರ ವಿವಾಹಕ್ಕೆ ಮಾನ್ಯತೆ ಕೊಡಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ಜೊತೆಯಾಗಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ತಿಳಿಸಿತು.

ಆದರೆ ಕಾರ್ಖಾನೆಯ ಹೆಣ್ಣುಮಕ್ಕಳ ದೊಡ್ಡ ಗಂಟು ಪಿ.ಎಫ್. ಅದನ್ನು ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ಕಟ್ಟಳೆ ತಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಹೊಸೂರು ರಸ್ತೆಯಲ್ಲಿ ಎದ್ದ ಕಿಚ್ಚು ಮರುದಿನ ಪೀಣ್ಯಕ್ಕೂ ಹಬ್ಬಿತು. ಅಂದೇ ಕಟ್ಟಳೆ ಹಿಂದೆ ಸರಿಯಿತು. ಆ ಗುಂಪಿನಲ್ಲಿ ಹಳೆಯ ಪಂತಗಳನ್ನು ಯಾರು ಎಣಿಸುತ್ತಿದ್ದರು! ಹೀಗೆ ಉಳಿಸಿಕೊಂಡ ಹಣಕ್ಕೆ ನಾಮಿನಿ ಯಾರು? 1952ರ ಪಿ.ಎಫ್. ಯೋಜನೆಯ ಪ್ರಕಾರ ಕುಟುಂಬವಿದ್ದವರು ಕುಟುಂಬದವರನ್ನೇ ಹೆಸರಿಸಬೇಕು; ಅವಲಂಬಿತ ತಂದೆತಾಯಿಯರೂ ಕುಟುಂಬವೇ. ಕೋಣೆಯ ಸಂಗಾತಿಯ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಸೇರುತ್ತದೆ. ಊರಿನಲ್ಲಿ ಮಗಳ ಸಂಬಳವನ್ನೇ ನಂಬಿದ ತಾಯಿಯಿದ್ದರೆ, ಪಿ.ಎಫ್. ಅರ್ಜಿಯಲ್ಲಿ ಆ ಹೆಸರಿಗೆ ಇನ್ನೂ ಜಾಗವಿಲ್ಲ.